ಉಂಬುಕ್ ಏಳಿ

ಆ ಶಾಲೆಯ ಬೆಂಚುಗಳು ಮಕ್ಕಳಿಗೆಂದು ಮಾಡಿಸಿದವು. ಕೂತರೆ ಮೊಣಕಾಲು ಎದುರಿನ ಡೆಸ್ಕಿಗೆ ತಾಗುತ್ತಿತ್ತು, ಸೀರೆ ಮೇಲೆ ಸರಿಯುತ್ತಿತ್ತು. ಎಪ್ಪತ್ತರ ದಶಕದ ಮೊದಮೊದಲಿನ ಆ ಶನಿವಾರಗಳನ್ನು ನೆನೆಸಿಕೊಂಡರೆ, ನೆರಿಗೆ ಜಗ್ಗಿ ಜಗ್ಗಿ ಕಾಲು ಮುಚ್ಚಿಕೊಳ್ಳುತ್ತಿದ್ದ ನನ್ನ ಕೈಯೇ ಮೊದಲು ಕಣ್ಣಿಗೆ ಬರುತ್ತದೆ. ಕಲ್ಕತ್ತೆಯ ದಕ್ಷಿಣಕ್ಕಿದ್ದ ಆ ಶಾಲೆಯಲ್ಲಿ ಬುದ್ಧಿ ಬೆಳೆಯದ ಮಕ್ಕಳ ಮನೆಯವರಿಗೆ ತರಬೇತಿ ಕೊಡುತ್ತಿದ್ದರು. ಮಕ್ಕಳಿಗಲ್ಲ, ಮನೆಯವರಿಗೆ. ಹೆತ್ತು, ತೊಳೆದು, ಉಣಿಸಿ ಇಷ್ಟು ದೊಡ್ಡದು ಮಾಡಿದವಳಿಗೆ ಮಗನನ್ನು ಸಾಕುವುದು ಹೇಗೆಂದು ಬೇರೆಯವರು ಕಲಿಸಬೇಕೇ ಎಂದು ಮೊದಲ ದಿನವೇ ನನಗೆ ಮೈಯುರಿದಿತ್ತು. ಆದರೆ ಜಗಳ ಮಾಡಬೇಕಾದರೂ ಭಾಷೆ ಬೇಕಲ್ಲ.

ನನ್ನ ಗಂಡ ಬ್ಯಾಂಕಿನಲ್ಲಿದ್ದರು. ಕುಂದಾಪುರದ ಕಡೆಯವರಾದ ನಾವು ವರ್ಗವಾಗಿ ಬಂದು ಟಾಲಿಗಂಜ್‌ನಲ್ಲಿ, ಟ್ರಾಮ್ ಡಿಪೋದ ಹತ್ತಿರ, ಮಾಳಿಗೆಯ ಎರಡು ಕೋಣೆಗಳಲ್ಲಿದ್ದೆವು. ಒಬ್ಬನೇ ಮಗ, ನಮ್ಮ ಬಾಯಲ್ಲಿ ಬರೀ ‘ಮಾಣಿ’. ಆಗ ಅವನಿಗೆ ಹನ್ನೆರಡು. ಮೀಸೆ ಮೂಡುವ ಸೂಚನೆ ಕಾಣುತ್ತಿತ್ತು, ಮಾತು ಮಾತ್ರ ಮೂರು ವರ್ಷದ ಕೂಸಿನದು. ಯಾರಾದರೂ ಕೇಳಿದರೆ “ಮಾಣಿ ಸ್ವಲ್ಪ ನಿಧಾನ” ಎನ್ನುತ್ತಿದ್ದೆ. ಆ ‘ಸ್ವಲ್ಪ’ ಹೇಳುವಾಗಲೆಲ್ಲ ನನ್ನ ಕಣ್ಣು ತಾನಾಗಿ ನೆಲ ನೋಡುತ್ತಿತ್ತು.

ಶನಿವಾರ ಬ್ಯಾಂಕಿಗೆ ಅರ್ಧ ದಿನ. ಗಂಡ ಊಟ ಮಾಡಿದವರೇ ನನ್ನನ್ನೂ ಮಾಣಿಯನ್ನೂ ಟ್ರಾಮ್ ಹತ್ತಿಸಿ ತಾವೂ ಜೊತೆಗೆ ಬರುತ್ತಿದ್ದರು. ಅಲ್ಲಿ ಪಾಠ ಹೇಳುತ್ತಿದ್ದವರು ಅಗಲ ಅಂಚಿನ ಹತ್ತಿ ಸೀರೆಯ ಒಬ್ಬ ಬಂಗಾಳಿ ಶಿಕ್ಷಕಿ. ಎಲ್ಲರೂ ಅವರನ್ನು ‘ದಿದಿಮೊಣಿ’ ಎಂದು ಕರೆಯುತ್ತಿದ್ದರು. ಮಾತೆಲ್ಲ ಬಂಗಾಳಿಯಲ್ಲಿ. ಬ್ಯಾಂಕಿನ ಕೌಂಟರಿನಲ್ಲಿ ನಿಂತು ಕಲಿತ ಬಂಗಾಳಿ ನನ್ನ ಗಂಡನಿಗಿತ್ತು, ಆ ಬಗ್ಗೆ ಜಂಬವೂ ಇತ್ತು. ನನಗೆ ತರಕಾರಿ ಕೊಳ್ಳುವಷ್ಟು ಮಾತ್ರ. ಉಳಿದ ತಾಯಂದಿರು ನಕ್ಕರೆ ನಾನು ಒಂದು ಗಳಿಗೆ ತಡವಾಗಿ ನಗುತ್ತಿದ್ದೆ. ಅವರು ಕಣ್ಣೊರೆಸಿಕೊಂಡರೆ ನಾನು ಸೆರಗು ಹುಡುಕುತ್ತಿದ್ದೆ.

ಇದು ದಿದಿಮೊಣಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಅವರು ನನ್ನ ಮುಂದೆ ಬಗ್ಗಿ, ಒಂದೊಂದೇ ಮಾತನ್ನು ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದರು. ಏನೂ ತಿಳಿಯದೆ ನಾನು ಹಲ್ಲು ಬಿಟ್ಟು ತಲೆಯಾಡಿಸಿದೆ. ಆಡಿಸುತ್ತಿರುವಾಗಲೇ ನೆನಪಾಯಿತು: ನಮ್ಮ ಮಾಣಿಯ ಹತ್ತಿರ ಕ್ಷೌರದವನು, ದರ್ಜಿ, ಊರಿನ ನೆಂಟರು ಎಲ್ಲರೂ ಹೀಗೇ ಜೋರಾಗಿ ಮಾತಾಡುತ್ತಾರೆ. ಅವನೂ ಹೀಗೇ ಹಲ್ಲು ಬಿಟ್ಟು ತಲೆಯಾಡಿಸುತ್ತಾನೆ. ನನ್ನ ಕಿವಿ ಸುಡುವಷ್ಟು ಬಿಸಿಯಾಯಿತು. ಹನ್ನೆರಡು ವರ್ಷ ಅವನ ನಗು ನೋಡಿ ‘ಪಾಪ, ಖುಷಿಯಲ್ಲಿದ್ದಾನೆ’ ಎಂದುಕೊಂಡವಳು ನಾನು.

ಕಲಿಸಿದ್ದೇನೆಂದು ಗಂಡ ವಾಪಸು ಬರುವ ಟ್ರಾಮಿನಲ್ಲಿ ಹೇಳುತ್ತಿದ್ದರು. ದೊಡ್ಡ ಕೆಲಸವನ್ನು ಚೂರು ಚೂರು ಮಾಡಬೇಕು. ಒಂದು ಚೂರು ಬಂದ ಮೇಲೆ ಇನ್ನೊಂದು. ಮೊದಲು ಕೈ ಹಿಡಿದು ಮಾಡಿಸಬೇಕು, ಆಮೇಲೆ ಕೈ ಬಿಡಬೇಕು, ಬಿಟ್ಟು ಕಾಯಬೇಕು. ಕಡೆಯ ಶನಿವಾರ ಪ್ರತಿ ಮಗುವೂ ಮನೆಯಲ್ಲಿ ಕಲಿತ ಒಂದು ಕೆಲಸವನ್ನು ಎಲ್ಲರ ಮುಂದೆ ಮಾಡಿ ತೋರಿಸಬೇಕು. ಅದನ್ನು ನೋಡಿ ಹೊಸ ವರ್ಷದ ತರಗತಿಗೆ ಕೆಲವು ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಜಾಗ ಕಡಿಮೆ. ಅಲ್ಲಿ ಸಿಗದಿದ್ದರೆ ನಮಗೆ ಬೇರೆ ದಾರಿ ಗೊತ್ತಿರಲಿಲ್ಲ. ಮಾಣಿ ಕಿಟಕಿಯ ಸರಳು ಹಿಡಿದು ಟ್ರಾಮ್ ನೋಡುತ್ತಲೇ ಮುದುಕನಾಗಬೇಕಿತ್ತು.

“ಮತ್ತೆ ಇಲ್ಕಾಣ್,” ಎಂದರು ಗಂಡ, “ಇಂಥ ಮಕ್ಕಳಿಗೆ ಮನೆಯಗೆ ಒಂದೇ ಭಾಷೆ ಇರ್ಕ್ ಅಂಬ್ರ್ ದಿದಿಮೊಣಿ. ಸೋಮವಾರದಿಂದ ಮಾಣಿ ಹತ್ರ ಬಂಗಾಳಿ ಬಿಟ್ಟ್ ಬೇರೆ ಮಾತಿಲ್ಲ.”

“ನಂಗ್ ಬಪ್ಪುದೇ ನಾಕ್ ಮಾತ್. ಅದ್ರಲ್ಲಿ ಮಗನ್ನ ಸಾಂಕುಕ್ ಆತ್ತಾ?”

“ಕಲ್ತ್ಕೊ. ಮಾಣಿ ಕಲೀಕ್ ಅಂದ್ರೆ ನೀನೂ ಕಲೀಕ್.”

ಟ್ರಾಮಿನಲ್ಲಿ ಜನ ನಮ್ಮನ್ನು ತಿರುಗಿ ನೋಡಿದರು. ನಾನು ದನಿ ಇಳಿಸಿದೆ. ಮರುದಿನದಿಂದ ಕೆಳಗಿನ ಮನೆಯ ಬೌದಿಯ, ಅಂದರೆ ನಾವೆಲ್ಲ ಅತ್ತಿಗೆ ಎಂದು ಕರೆಯುತ್ತಿದ್ದ ಬಂಗಾಳಿ ಹೆಂಗಸಿನ, ಹತ್ತಿರ ಹೋಗಿ ‘ಎಶೊ’ ಎಂದರೆ ಬಾ, ‘ಬೊಶೊ’ ಎಂದರೆ ಕೂರು, ‘ಥಾಕ್’ ಎಂದರೆ ಸಾಕು, ಹೀಗೆ ಕಲಿಯತೊಡಗಿದೆ.

ಮಾಣಿಗೆ ಕಲಿಸಲು ನಾವು ಆರಿಸಿದ್ದು ಊಟಕ್ಕೆ ಅಣಿ ಮಾಡುವ ಕೆಲಸ. ಆರಿಸಿದ್ದೇನು ಬಂತು, ಅದರಲ್ಲಿ ಅರ್ಧ ಅವನಿಗೆ ಆಗಲೇ ಬರುತ್ತಿತ್ತು. ಮಣೆ ಹಾಕುವುದು, ಬಟ್ಟಲು ಇಡುವುದು, ಊರಿಂದ ತಂದ ಕೊಕ್ಕಿನ ಗಿಂಡಿಯಿಂದ ಲೋಟಕ್ಕೆ ನೀರು ಬಗ್ಗಿಸುವುದು. ‘ಸಾಕು’ ಎನ್ನುವವರೆಗೆ ಬಗ್ಗಿಸುವುದು, ‘ಸಾಕು’ ಎಂದೊಡನೆ ನಿಲ್ಲಿಸುವುದು. ಆಮೇಲೆ ಅವನ ದೊಡ್ಡಸ್ತಿಕೆಯ ಕೆಲಸ: ಪೇಪರು ಓದುತ್ತಿರುವ ಅಪ್ಪನ ಮುಂದೆ ನಿಂತು “ಅಪ್ಪಯ್ಯ, ಉಂಬುಕ್ ಏಳಿ” ಎನ್ನುವುದು. ನಮ್ಮ ಕಡೆ ಅದೊಂದು ಕ್ರಮ. ಎಲೆ ಹಾಕಿ ಬಡಿಸಿಟ್ಟರೂ, ಎಷ್ಟೇ ಹಸಿದಿದ್ದರೂ, ಊಟಕ್ಕೆ ಏಳಿ ಎಂದು ಮನೆಯವರು ಬಂದು ಕರೆಯುವವರೆಗೆ ಯಾರೂ ಏಳುವುದಿಲ್ಲ. ಕರೆದ ಮೇಲೆ ಏಳದೆ ಕೂತರೆ ಅದು ಕರೆದವರಿಗೆ ಮಾಡಿದ ಅವಮಾನ. ಮಾಣಿ ಆ ಮಾತನ್ನು ಅಜ್ಜನ ಮನೆಯಲ್ಲಿ ಕೇಳಿ ಹಿಡಿದುಕೊಂಡಿದ್ದ. ಅವನ ಬಾಯಿಂದ ಪೂರ್ತಿಯಾಗಿ ಬರುತ್ತಿದ್ದುದು ಅದೊಂದೇ.

ಬಂಗಾಳಿ ಒಳಗೆ ಬಂದ ದಿನದಿಂದ ಅದು ನಿಂತುಹೋಯಿತು. ನಾನು “ಎಶೊ, ಥಾಲಾ ರಾಖೊ”, ಬಾ, ಬಟ್ಟಲು ಇಡು, ಎಂದರೆ ಮಾಣಿ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮೊದಲು ಆಟವೆಂದು ನಕ್ಕ. ಆಮೇಲೆ ನನ್ನನ್ನು ಸುತ್ತಿ ಹೋಗಿ ಬೆನ್ನ ಹಿಂದೆ ನೋಡಿದ, ಮಾತಾಡುತ್ತಿರುವವರು ಅಲ್ಲೆಲ್ಲೋ ನಿಂತಿದ್ದಾರೆ ಎನ್ನುವವನ ಹಾಗೆ. ಯಾರೂ ಇರಲಿಲ್ಲ. ಮತ್ತೆ ಬಂದು ನನ್ನ ಮುಖ ನೋಡಿದ. ನೀರು ಬಗ್ಗಿಸುವಾಗ “ಥಾಕ್, ಥಾಕ್” ಎಂದು ನಾನು ಎಷ್ಟು ಕೂಗಿದರೂ ಲೋಟ ತುಂಬಿ ಬಟ್ಟಲಿಗೆ ಹರಿಯಿತು. ಗಂಡ ಸಿಡುಕಿ ಎದ್ದು ಹೋದರು. ನನ್ನದೇ ಅಡುಗೆಮನೆಯಲ್ಲಿ, ನನ್ನದೇ ಮಗನ ಮುಂದೆ, ಬೇರೆಯವರ ಮನೆಗೆ ಹೊಕ್ಕವಳ ಹಾಗೆ ನಿಂತುಕೊಂಡೆ.

ಆ ದಿನಗಳಲ್ಲೇ ಒಂದು ಭಾನುವಾರ, ರೈಲ್ವೆಯಲ್ಲಿದ್ದ ಧಾರವಾಡದ ಕಡೆಯ ಗಂಡಹೆಂಡತಿ ನಮ್ಮ ಮನೆಗೆ ಬಂದರು. ಮಾಣಿಯ ಹತ್ತಿರ ನಾನು ಬಂಗಾಳಿ ಆಡಿದ್ದನ್ನು ಕೇಳಿ ಆಕೆ ಕೈ ತಟ್ಟಿ ನಕ್ಕರು.

“ಏನ್ರೀ, ಪೂರಾ ಬಂಗಾಲಿ ಆಗೀರಲ್ಲಾ! ಇನ್ನ ಮೀನ ತಿನ್ನೂದೊಂದ ಬಾಕಿ ನೋಡ್ರಿ.”

ನಾನೂ ನಕ್ಕೆ. ಆಕೆ ಮಾಣಿಯತ್ತ ತಿರುಗಿ “ಬಾರೋ ತಮ್ಮಾ, ನನಗ ಸ್ವಲ್ಪ ನೀರ ಕೊಡಪಾ” ಎಂದರು. ಅದು ನಮ್ಮ ಕನ್ನಡವಲ್ಲ, ಆದರೂ ಕನ್ನಡ. ಮಾಣಿ ಬಾಣದ ಹಾಗೆ ಒಳಗೆ ಓಡಿದ. ಗಿಂಡಿ ತಂದ, ಲೋಟ ತಂದ, ಬಗ್ಗಿಸಿದ. “ಸಾಕಪಾ ಸಾಕು” ಎಂದೊಡನೆ ನಿಲ್ಲಿಸಿದ. ಆಮೇಲೆ ಆಕೆಯ ಸೆರಗು ಹಿಡಿದುಕೊಂಡು, ಅವರು ಹೊರಡುವವರೆಗೂ ಬಿಡಲಿಲ್ಲ. ಬಾಯಿ ತೆರೆದರೆ ಮಾಣಿಯ ಹತ್ತಿರ ಕನ್ನಡ ಬಂದುಬಿಡುತ್ತದೆಂದು ನಾನು ತುಟಿ ಕಚ್ಚಿಕೊಂಡು ಅಡುಗೆಮನೆ ಸೇರಿದೆ. ಹೊಟ್ಟೆಕಿಚ್ಚಿಗೂ ನಾಚಿಕೆಗೂ ಒಟ್ಟಿಗೇ ಕಣ್ಣು ತುಂಬಿತು.

ಕಡೆಯ ಶನಿವಾರ ಬಂತು. ಮಣೆ, ಬಟ್ಟಲು, ಲೋಟ, ಗಿಂಡಿ ಎಲ್ಲವನ್ನೂ ಚೀಲದಲ್ಲಿ ಹೊತ್ತುಕೊಂಡು ಹೋದೆವು. ಹಾಲಿನ ನಡುವೆ ಚಾಪೆ ಹಾಸಿದ್ದರು. ತಾಯಂದಿರು ಬೆಂಚುಗಳಲ್ಲಿ, ಗಂಡಸರು ಹಿಂದಿನ ಗೋಡೆಗೆ ಒರಗಿಕೊಂಡು. ಒಬ್ಬಳು ಹುಡುಗಿ ತನ್ನ ಫ್ರಾಕಿನ ಗುಂಡಿ ತಾನೇ ಹಾಕಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮ ಸರದಿ.

“ಥಾಲಾ ರಾಖೊ” ಎಂದೆ.

ಮಾಣಿ ನನ್ನ ಬಾಯಿ ನೋಡಿದ. ಇನ್ನೊಮ್ಮೆ ಹೇಳಿದೆ. ಅವನು ನನ್ನನ್ನು ಸುತ್ತಿ ಬಂದು ಬೆನ್ನ ಹಿಂದೆ ನೋಡಿದ. ಯಾರೋ ಕಿಸಕ್ಕೆಂದರು. ಮುಂದಿನ ಬೆಂಚಿನ ಒಬ್ಬ ತಾಯಿ ‘ಅಯ್ಯೋ ಪಾಪ’ ಎನ್ನುವ ಮುಖ ಮಾಡಿದಳು. ನನಗೆ ಆ ನಗುವಿಗಿಂತ ಈ ಪಾಪವೇ ಹೆಚ್ಚು ಚುಚ್ಚಿತು. ಮೈ ಹಿಡಿಯಷ್ಟಾಯಿತು. ಕನ್ನಡ ನಾಲಿಗೆಯ ತುದಿಯಲ್ಲಿದ್ದರೂ ಅಷ್ಟು ಜನರ ಮುಂದೆ ಹೊರಗೆ ಬರಲಿಲ್ಲ. ಮಗನ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ.

ಮಣೆಯ ಸದ್ದಾಯಿತು. ಕಣ್ಣು ತೆರೆದರೆ ಮಾಣಿ ಮಣೆ ಹಾಕಿಯಾಗಿತ್ತು. ಬಟ್ಟಲು ಇಟ್ಟ, ಲೋಟ ಇಟ್ಟ, ಗಿಂಡಿಯಲ್ಲಿದ್ದ ತುಸು ನೀರನ್ನು ಪೂರ್ತಿ ಬಗ್ಗಿಸಿದ. ಯಾರೂ ಹೇಳಿರಲಿಲ್ಲ. ಕೆಲಸ ಕಂಡಿತು, ಮಾಡಿದ. ಆಮೇಲೆ ಬೆಂಚುಗಳ ನಡುವೆ ಹಾದು, ಹಿಂದಿನ ಗೋಡೆಯ ಹತ್ತಿರ ಹೋಗಿ, ಅಪ್ಪನ ಮುಂದೆ ನಿಂತು, ಇಷ್ಟು ದಿನ ನುಂಗಿಕೊಂಡಿದ್ದನ್ನು ಸ್ಪಷ್ಟವಾಗಿ ಹೇಳಿದ.

“ಅಪ್ಪಯ್ಯ, ಉಂಬುಕ್ ಏಳಿ.”

ಯಾರಿಗೂ ಅರ್ಥವಾಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಮುಖವೂ ನನ್ನ ಗಂಡನ ಕಡೆ ತಿರುಗಿತು. ಹುಡುಗ ಏನೆಂದ ಎಂದು ದಿದಿಮೊಣಿ ಅವರನ್ನು ಕೇಳಿದರು. ಗಂಡ ಕೆಂಪಾದರು. ಅಂಗಿಯ ಕಾಲರು ಸರಿಮಾಡಿಕೊಂಡು ನಕ್ಕರು.

“ಓ ಕಿಛು ನಾ,” ಎಂದರು. “ಎಮ್ನಿ ಆವಾಜ್ ಕೊರೆ.”

ಏನಿಲ್ಲ, ಸುಮ್ಮನೆ ಏನೋ ಸದ್ದು ಮಾಡುತ್ತಾನೆ. ನನಗೆ ಒಂದಕ್ಷರ ಬಿಡದೆ ತಿಳಿಯಿತು. ಮಗನಿಗೋಸ್ಕರ ಬೌದಿಯ ಬಾಗಿಲಲ್ಲಿ ಕೂತು ಕಲಿತ ಬಂಗಾಳಿ ಕಡೆಗೂ ಉಪಯೋಗಕ್ಕೆ ಬಂದದ್ದು ಈ ಮಾತು ತಿಳಿಯುವುದಕ್ಕೆ.

“ನಾ” ಎಂದೆ. ದನಿ ಕಾಗೆಯ ಹಾಗೆ ಹೊರಟಿತು. “ಬಾಬಾಕೆ ಖೇತೆ ಡಾಕ್ಛೆ. ಆಮಾದೆರ್ ಭಾಷಾ.” ಅಲ್ಲ, ಅಪ್ಪನನ್ನು ಊಟಕ್ಕೆ ಕರೆಯುತ್ತಿದ್ದಾನೆ. ನಮ್ಮ ಭಾಷೆ.

ದಿದಿಮೊಣಿ ನನ್ನನ್ನು ನೋಡಿದರು, ಮಾಣಿಯನ್ನು ನೋಡಿದರು, ಆಮೇಲೆ ನನ್ನ ಗಂಡನನ್ನು. ದನಿ ತಗ್ಗಿಸಿಯೇ ಹೇಳಿದರು, ಆದರೆ ಹಾಲಿನಲ್ಲಿ ಎಲ್ಲರಿಗೂ ಕೇಳಿತು. ಒಂದೇ ಭಾಷೆ ಇರಲಿ ಎಂದಿದ್ದೆ, ಅದು ಬಂಗಾಳಿಯೇ ಆಗಲಿ ಎಂದಿರಲಿಲ್ಲ. ತಾಯಿ ಯಾವ ಭಾಷೆಯಲ್ಲಿ ಮುದ್ದು ಮಾಡುತ್ತಾಳೋ ಅದೇ ಇರಲಿ. ಬಂಗಾಳಿ ನಮಗೆ ಬಿಡಿ, ಹೊಸ ವರ್ಷಕ್ಕೆ ಹುಡುಗನನ್ನು ಕರೆದುಕೊಂಡು ಬನ್ನಿ.

ಜಾಗ ಸಿಕ್ಕಿತ್ತು. ಕುಣಿಯಬೇಕಿತ್ತು ನಾನು. ಆದರೆ ಗೋಡೆಗೆ ಒರಗಿ, ಚಪ್ಪಲಿಯ ತುದಿ ನೋಡುತ್ತ ನಿಂತ ಗಂಡನನ್ನು ಕಂಡು, ಹತ್ತು ಜನರ ಮುಂದೆ ಅವರ ಅಂಗಿ ಕಳಚಿಸಿದವಳ ಹಾಗೆ ನಾನೂ ತಲೆ ತಗ್ಗಿಸಿದೆ. ಬ್ಯಾಂಕಿನಲ್ಲಿ ಅವರ ಉಚ್ಚಾರಕ್ಕೆ ನಗುತ್ತಿದ್ದುದು ನನಗೆ ಗೊತ್ತಿತ್ತು. ಕುಂದಾಪುರದ ಮಾತಿಗೂ ಮಗನ ಮಾತಿಗೂ ಒಟ್ಟಿಗೇ ನಗಬಹುದಾದ ಅಷ್ಟು ಜನರ ಮುಂದೆ ಅವರಿಗೆ ಎರಡನ್ನೂ ಒಪ್ಪಿಕೊಳ್ಳಲು ಆಗಿರಲಿಲ್ಲ. ಇದೆಲ್ಲ ಗೊತ್ತಿದ್ದೂ ನನಗೆ ಅವರ ಮೇಲಿನ ಸಿಟ್ಟು ಇಳಿಯಲಿಲ್ಲ. ಟ್ರಾಮಿನಲ್ಲಿ ಮಾಣಿ ಚೀಲದೊಳಗೆ ಕೈ ಹಾಕಿ ಗಿಂಡಿ ಇದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಮನೆಗೆ ಬಂದು ಅನ್ನಕ್ಕಿಟ್ಟೆ. ಗಂಡ ಕುರ್ಚಿಯಲ್ಲಿ ಪೇಪರು ಹಿಡಿದು ಕೂತರು. ಸಂಜೆಯೇ ಕರೆಂಟು ಹೋಯಿತು. ನಾನು ಲಾಟೀನು ಹಚ್ಚಿಟ್ಟರೂ ಅವರು ಪೇಪರು ಇಳಿಸಲಿಲ್ಲ. “ಮಗಾ, ಮಣೆ ಹಾಕ್” ಎಂದೆ. ಎಷ್ಟೋ ದಿನಗಳ ಮೇಲೆ ಆಡಿದ ಮಾತು. ಮಾಣಿ ನನ್ನ ಬೆನ್ನ ಹಿಂದೆ ನೋಡಲಿಲ್ಲ. ಮಣೆ ಹಾಕಿದ, ಬಟ್ಟಲು ಇಟ್ಟ, ಅಪ್ಪನ ಹತ್ತಿರ ಹೋದ.

“ಅಪ್ಪಯ್ಯ, ಉಂಬುಕ್ ಏಳಿ.”

ಅವರು ಏಳಲಿಲ್ಲ. ಮಾಣಿ ಮತ್ತೆ ಕರೆದ. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಕರೆದವನಿಗೆ ಇಲ್ಲೂ ಅವಮಾನ ಮಾಡಿದರೆ ನಾನು ಸುಮ್ಮನಿರುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಮಾಣಿ ಪೇಪರನ್ನು ಮೆಲ್ಲಗೆ ಕೆಳಗೆ ಸರಿಸಿ, ಅಪ್ಪನ ಮುಖಕ್ಕೆ ಮುಖ ತಂದು, ಇನ್ನೊಮ್ಮೆ ಕರೆದ.

ಅವರು ಎದ್ದರು. ಬಂದು ಮಣೆಯ ಮೇಲೆ ತಲೆ ತಗ್ಗಿಸಿ ಕೂತರು. ಮಾಣಿ ಗಿಂಡಿ ಎತ್ತಿ ನೀರು ಬಗ್ಗಿಸತೊಡಗಿದ. ಬಗ್ಗಿಸುತ್ತ ಅಪ್ಪನ ಬಾಯಿಯನ್ನೇ ನೋಡುತ್ತಿದ್ದ. ಲೋಟ ತುಂಬಿತು. ನೀರು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಅವರ ಪಂಚೆಗೆ ಹರಿಯಿತು. ‘ಸಾಕು’ ಎನ್ನಬೇಕಾದವರು ಅವರು, ನಾನಲ್ಲ.

“ಸಾಕ್ ಮಗಾ,” ಎಂದರು ಕೊನೆಗೆ. “ಸಾಕ್.”

ಮಾಣಿ ತಕ್ಷಣ ಗಿಂಡಿ ನೆಟ್ಟಗೆ ಮಾಡಿದ.