ಅಜ್ಜಿ ಮಳೆಮಾಪಕಕ್ಕೆ ನೀರು ಕುಡಿಸಿದ್ದು

ಆಗ ನಮ್ಮೂರಿನಲ್ಲಿ ಮಳೆಯನ್ನು ಯಾರೂ ಮಿಲಿಮೀಟರಿನಲ್ಲಿ ಅಳೆಯುತ್ತಿರಲಿಲ್ಲ. ಕುಂಟೆ ಹೊಡೆಯುವಷ್ಟು ಬಂತು, ಬಿತ್ತುವಷ್ಟು ಬಂತು, ಹಳ್ಳ ಬಂತು, ಅಷ್ಟೇ. ಅದಕ್ಕಿಂತ ಕಡಿಮೆ ಬಿದ್ದದ್ದನ್ನು ಮಳೆಯೆಂದೂ ಕರೆಯುತ್ತಿರಲಿಲ್ಲ. ನಮ್ಮೂರು ಅರಸೀಕೆರೆ. ರೈಲು ನಿಲ್ಲುವ ಅರಸೀಕೆರೆಯಲ್ಲ, ಹರಪನಹಳ್ಳಿ ತಾಲ್ಲೂಕಿನದು. ಇದನ್ನು ಜೀವನಪೂರ್ತಿ ಹೇಳಿ ಹೇಳಿ ನನಗೆ ಸಾಕಾಗಿದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಹನ್ನೊಂದು ವರ್ಷ. ಆ ಬೇಸಿಗೆಯ ಕೊನೆಗೆ ಕೂಡ್ಲಿಗಿ ಹೊರಗಿನ ದಿಬ್ಬದ ಮೇಲೆ ಒಂದು ಗಾಡಿ ಬಂದು ನಿಂತಿತು. ಅದರ ನೆತ್ತಿಯ ಮೇಲೆ ದೊಡ್ಡ ಬೋಗುಣಿಯಂಥದ್ದೊಂದು ಸುತ್ತುತ್ತದೆ, ಅದಕ್ಕೆ ರಾಡಾರ್ ಅನ್ನುತ್ತಾರೆ, ಹತ್ತಾರು ಹರದಾರಿ ಆಚೆಯ ಮಳೆಯನ್ನೂ ನೋಡುತ್ತದೆ ಎಂದು ಸುದ್ದಿ. ಅದು ನೋಡಿದ್ದು ನಿಜವೋ ಸುಳ್ಳೋ ಎಂದು ತಾಳೆ ನೋಡಲು ಸುತ್ತಲಿನ ಊರುಗಳಲ್ಲಿ ಮಳೆಮಾಪಕ ಇಟ್ಟರು. ನಮ್ಮಪ್ಪ ಊರಿನ ಅಂಚೆ ಮಾಸ್ತರ್. ಗಡಿಯಾರ ಇದ್ದ ಮನೆ, ಮರವಿಲ್ಲದ ಬಯಲು ಹಿತ್ತಲು. ಹಾಗಾಗಿ ಒಂದು ನಮ್ಮ ಪಾಲಿಗೆ ಬಂತು.

ಬೆಳಿಗ್ಗೆ ಅಪ್ಪನಿಗೆ ಟಪಾಲು ಚೀಲದ ಗಡಿಬಿಡಿ, ಆದ್ದರಿಂದ ಅಳೆಯುವ ಕೆಲಸ ನನಗೆ. ಎಂಟೂವರೆಗೆ ಸರಿಯಾಗಿ ಕೊಳವೆಯ ಮೇಲಿನ ಆಲಿಕೆ ಎತ್ತಬೇಕು, ಒಳಗಿನ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು ನೋಡಬೇಕು, ಕಾರ್ಡಿನಲ್ಲಿ ಬರೆಯಬೇಕು. ನೀರಿಲ್ಲದಿದ್ದರೆ ಸೊನ್ನೆ. ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗಿ. ಬೆಳಗಾದರೆ ಸಾಕು, ಗಡಿಯಾರಕ್ಕೂ ಹಿತ್ತಲಿಗೂ ಓಡಾಡುತ್ತಿದ್ದೆ. ಆಣೆಕಲ್ಲು ಆಡುತ್ತಾ ಕೂತರೂ ಎಸೆದ ಕಲ್ಲು ಕೈಗೆ ಸಿಗುತ್ತಿರಲಿಲ್ಲ, ಕಣ್ಣು ಮೋಡದ ಮೇಲೆ. ಅವ್ವ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ನಿಂತೇ ತಿನ್ನುತ್ತಿದ್ದೆ. ಹದಿನೈದು ದಿನ ಬರೀ ಸೊನ್ನೆ ಬರೆದೆ. ಪಕ್ಕದ ಊರಿನ ಕಾರ್ಡಿನಲ್ಲಿ ಏನಾದರೂ ಬಿದ್ದಿರಬಹುದೇ ಎಂದು ಹೊಟ್ಟೆಕಿಚ್ಚೂ ಪಟ್ಟೆ.

ಆಮೇಲೊಂದು ಮಂಗಳವಾರ ಬಾಟಲಿಯಲ್ಲಿ ನೀರು! ಮೂರು ಮಿಲಿಮೀಟರ್. ಶುಕ್ರವಾರವೂ ಮೂರು. ನಾನು ಮಲಗಿದ್ದಾಗ ಬಂದಿರಬೇಕು ಎಂದುಕೊಂಡು ದಪ್ಪಕ್ಷರದಲ್ಲಿ ಬರೆದೆ. ಮರುವಾರವೂ ಹಾಗೆಯೇ ಆಯಿತು.

ಶನಿವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಕಾರ್ಡು ನೋಡುತ್ತಿದ್ದವರು ಮೂರ್ತಿ ಸಾರ್, ರಾಡಾರಿನ ಸಾಹೇಬರು, ಮೈಸೂರು ಕಡೆಯವರು. ಮೊದಲ ವಾರದ್ದನ್ನು ಬರೆದುಕೊಂಡು ಹೋಗಿದ್ದವರು, ಈ ಸಲ ಕಾರ್ಡನ್ನೂ ತಮ್ಮ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದರು.

"ಏನು ಪುಟ್ಟಿ ಇದು? ಆ ದಿನಗಳಲ್ಲಿ ಈ ಕಡೆ ಮೋಡವೇ ಇಲ್ಲ. ಮಳೆ ಎಲ್ಲಿಂದ ಬಂತು?"

"ಗೊತ್ತಿಲ್ರಿ ಸಾರ್. ಬಾಟಲ್ಯಾಗ ನೀರಿತ್ರಿ, ಅಳದು ಬರದೀನ್ರಿ."

"ನಮ್ಮ ಯಂತ್ರ ಮೋಡದ ಹೊಟ್ಟೆ ನೋಡುತ್ತೆ, ನೆಲ ನೋಡಲ್ಲ. ನೆಲಕ್ಕೆ ಎಷ್ಟು ಬಿತ್ತು ಅಂತ ನೀನೇ ಹೇಳಬೇಕು. ನೀನು ತಪ್ಪು ಹೇಳಿದರೆ ಅದೂ ತಪ್ಪು ಕಲಿಯುತ್ತೆ. ಹೀಗೇ ಆದರೆ ಮಾಪಕ ಬೇರೆ ಊರಿಗೆ ಒಯ್ಯಬೇಕಾಗುತ್ತೆ."

ಬೇರೆ ಊರಿಗೆ! ನನಗೆ ಅಳುವೇ ಬಂತು. ನನ್ನ ಮಾತಿಗೆ ದೊಡ್ಡವರೊಬ್ಬರು ಕಾಯುತ್ತಿದ್ದದ್ದು ಅದೇ ಮೊದಲು. ಅದನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ಮಂಗಳವಾರ ಬೇಗ ಎದ್ದು ಹಿತ್ತಲ ಬಾಗಿಲಲ್ಲಿ ನಿಂತೆ. ಅಜ್ಜಿ, ಅಪ್ಪನ ತಾಯಿ, ಎಂದಿನಂತೆ ಅಂಗಳಕ್ಕೂ ಹಿತ್ತಲಿಗೂ ನೀರು ಹೊಡೆದಳು. ಆಮೇಲೆ ಪೂಜೆಯ ಸಣ್ಣ ಗಿಂಡಿ ಹಿಡಿದು ಮಾಪಕದ ಹತ್ತಿರ ಹೋಗಿ, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು, ಗಿಂಡಿಯ ನೀರನ್ನು ನಿಧಾನವಾಗಿ ಆಲಿಕೆಗೆ ಸುರಿದು ಕೈ ಮುಗಿದಳು. ಆ ಬೊಟ್ಟನ್ನು ನಾನು ದಿನಾ ನೋಡಿದ್ದೆ. ನಮ್ಮನೆಯಲ್ಲಿ ಒಲೆಗೂ ಒರಳಿಗೂ ಬೊಟ್ಟಿರುತ್ತಿತ್ತು, ಇದಕ್ಕಿರುವುದರಲ್ಲಿ ಏನು ವಿಶೇಷ?

"ಅಜ್ಜೀ, ಏನು ಮಾಡ್ತಿ ಅದಕ್ಕ!"

"ಬಾಯಿ ತಕ್ಕಂಡು ಮ್ಯಾಲೆ ನೋಡ್ಕೋತ ನಿಂತೈತಿ ಪಾಪ. ಗುರ್ಜಿ ಹೊತ್ತು ಬಂದ್ರ ನೀರು ಹಾಕಂಗಿಲ್ಲೇನು? ಇದೂ ಹಂಗ. ಒಣಬಾಯಿಲೆ ಕರದ್ರ ಮಳಿರಾಯ ಬರ್ತಾನೇನು?"

ಮಳೆ ತಡವಾದ ವರ್ಷ ಹುಡುಗರು ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಮೂರ್ತಿ ಇಟ್ಟು, ತಲೆ ಮೇಲೆ ಹೊತ್ತು, ಮಳೆ ಬೇಡುತ್ತಾ ಮನೆಮನೆಗೆ ಬರುತ್ತಿದ್ದರು. ಅವರ ತಲೆಯ ಮೇಲೆ ನೀರು ಸುರಿದು ನಾವೂ ನೆನೆದು ಕುಣಿದಿದ್ದೆವು. ಅಜ್ಜಿಗೆ ಏನು ಹೇಳಲಿ? ಬೇಡವೆಂದು ಗೋಗರೆದೆ. "ಒಂದು ಗುಟುಕಿಗೆ ನಿನ್ನ ಸಾಹೇಬರ ಗಂಟು ಏನು ಹೋಗ್ತೈತಲೇ" ಎಂದು ಒಳಗೆ ಹೋದಳು. ಅಪ್ಪನಿಗೆ ಹೇಳಿದರೆ ಅಜ್ಜಿಗೆ ಬೈಗುಳ, ಸಾರ್‌ಗೆ ಹೇಳಿದರೆ ಮಾಪಕ ಹೋಗುತ್ತದೆ. ಎರಡೂ ಬೇಡವೆಂದು ನಾನೇ ಒಂದು ಜಾಣತನ ಮಾಡಿದೆ. ಮಂಗಳವಾರ, ಶುಕ್ರವಾರ ಬಾಟಲಿ ಎತ್ತಿ, ಅಳೆಯದೆ ಚೆಲ್ಲಿ, ಸೊನ್ನೆ ಬರೆಯುವುದು. ನೀರು ಅಜ್ಜಿಯದೇ ತಾನೆ!

ಮುಂದಿನ ಶನಿವಾರ ಮೂರ್ತಿ ಸಾರ್ ಹಾಳೆ ನೋಡಿ ನಕ್ಕರು. "ಭೇಷ್! ಶುಕ್ರವಾರ ಬೆಳಗಿನ ಜಾವ ನಿಮ್ಮೂರ ಮೇಲೆ ಮಳೆ ಅಂತ ನಮ್ಮ ಯಂತ್ರ ತೋರಿಸಿತ್ತು. ನಿನ್ನದು ಸೊನ್ನೆ. ಅಂದರೆ ಆ ಹನಿಗಳು ನೆಲ ಮುಟ್ಟೋ ಮೊದಲೇ ಗಾಳಿಯಲ್ಲೇ ಒಣಗಿಹೋಗಿವೆ. ಇನ್ನು ಮೇಲೆ ಈ ಕಡೆಯ ಇಂಥ ಸಣ್ಣ ಮಳೆಗಳನ್ನ ಲೆಕ್ಕದಿಂದ ತೆಗೀಬೇಕು. ನಿನ್ನ ಸೊನ್ನೆ ನಮಗೆ ಪಾಠ ಹೇಳ್ತು, ಪುಟ್ಟಿ."

ಜೀಪು ಹೋಯಿತು. ಹಿಗ್ಗಿನಿಂದ ಕುಣಿಯುತ್ತಾ ಅಡುಗೆಮನೆಗೆ ಓಡಿದೆ.

"ಅಜ್ಜಿ, ಶುಕ್ರವಾರ ಮಳಿ ಇಲ್ಲ ಅಂತ ಬರದಿದ್ದಕ್ಕ ಸಾರ್ ಭೇಷ್ ಅಂದ್ರು!"

ಅಜ್ಜಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ಇಲ್ಲ ಅಂತ ಯಾಕ ಬರದಿ? ಕೋಳಿ ಕೂಗೋ ಹೊತ್ತಿಗೆ ನಾಕು ಹನಿ ಬಂದಿತ್ತಲ್ಲೇ. ಅದಕ್ಕ ಅವತ್ತು ನಾನು ನೀರು ಹಾಕಲಿಲ್ಲ. ತಾನ ಕುಡದಿತ್ತು ಅದು."

ಶುಕ್ರವಾರ ನಾನು ಎದ್ದಾಗ ಹಿತ್ತಲು ಒದ್ದೆಯಿತ್ತು, ನಿಜ. ಅಜ್ಜಿ ನೀರು ಹೊಡೆದದ್ದು ಎಂದುಕೊಂಡಿದ್ದೆ. ಬಿತ್ತನೆಗಾಗದ ಮಳೆಯ ಬಗ್ಗೆ ಓಣಿಯಲ್ಲಿ ಯಾರೂ ಮಾತೆತ್ತಿರಲಿಲ್ಲ. ಬೀದಿಗೆ ಓಡಿದೆ. ಜೀಪಿನ ಧೂಳೂ ಇರಲಿಲ್ಲ.

ಸಂಜೆವರೆಗೆ ಒಳಗೂ ಹೊರಗೂ ಸುತ್ತಿದೆ. ಯಂತ್ರ ಸರಿಯಾಗಿ ನೋಡಿತ್ತು, ನಾನು ಅದಕ್ಕೆ ಸುಳ್ಳು ಹೇಳಿಕೊಟ್ಟಿದ್ದೆ. ಕೊನೆಗೆ ಅಪ್ಪನ ಮುಂದೆ ಎಲ್ಲವನ್ನೂ ಕಕ್ಕಿದೆ. ಬೈಯುತ್ತಾನೆಂದು ಕಣ್ಣು ಮುಚ್ಚಿಕೊಂಡಿದ್ದೆ. ಅಪ್ಪ, "ತಪ್ಪು ಮನಿಗೆ ಹೋದ ಟಪಾಲು ವಾಪಸ್ ತರಬೇಕಲ್ಲ. ನಾಳೆ ಭಾನುವಾರ, ನಡಿ ಹೋಗಾಣ" ಎಂದ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಅಪ್ಪ ಕೊಡಿಸಿದ ಮಂಡಕ್ಕಿ ಮಿರ್ಚಿಯ ಪೊಟ್ಟಣವನ್ನು ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡೆ. ಕೂಡ್ಲಿಗಿಯ ದಿಬ್ಬ ಹತ್ತಿದಾಗ ಗಾಡಿಯ ಒಳಗೆ ಕತ್ತಲೆ, ಬಿಸಿಯಾದ ತಂತಿಯ ವಾಸನೆ. ದುಂಡನೆಯ ಗಾಜಿನಲ್ಲಿ ಹಸಿರು ಗೆರೆಯೊಂದು ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಗಿಂಡಿಯಿಂದ ಹಿಡಿದು ಚೆಲ್ಲಿದ ಬಾಟಲಿಯವರೆಗೆ ಎಲ್ಲಾ ಹೇಳಿದೆ. ಮೂರ್ತಿ ಸಾರ್ ರಬ್ಬರು ತೆಗೆದುಕೊಂಡು, ಸಣ್ಣ ಮಳೆ ಲೆಕ್ಕಕ್ಕಿಲ್ಲ ಎಂದು ತಾವು ಬರೆದಿದ್ದ ಇಡೀ ಸಾಲನ್ನು ಅಳಿಸಿದರು.

"ಶುಕ್ರವಾರ ಎಷ್ಟಿತ್ತು?"

"ನೋಡಲಿಲ್ರಿ ಸಾರ್. ಚೆಲ್ಲಿಬಿಟ್ಟೆ."

ಹಾಳೆಯಲ್ಲಿ ಶುಕ್ರವಾರದ ಚೌಕದಲ್ಲಿದ್ದ ಸೊನ್ನೆಯನ್ನೂ ಅಳಿಸಿ ಒಂದು ಅಡ್ಡಗೆರೆ ಎಳೆದರು. "ಇಲ್ಲ ಅನ್ನೋದು ಬೇರೆ, ನೋಡಲಿಲ್ಲ ಅನ್ನೋದು ಬೇರೆ. ತಿಳೀತಾ?"

ಮಾಪಕ ನಮ್ಮಲ್ಲೇ ಉಳಿಯಿತು. ಮುಂದಿನ ಶನಿವಾರ ಸಾರ್ ಒಂದು ಖಾಲಿ ಹಾಲಿನ ಪುಡಿ ಡಬ್ಬಿ ತಂದು, ಮಾಪಕದಿಂದ ಹತ್ತು ಹೆಜ್ಜೆ ದೂರ ಊರಿ, "ಅಜ್ಜೀ, ಇದು ನಿಮ್ಮದು. ಎಷ್ಟು ಬೇಕಾದರೂ ಕುಡಿಸಿ" ಎಂದರು. ಅಜ್ಜಿ ಅದಕ್ಕೂ ಕುಂಕುಮವಿಟ್ಟಳು. ದೀಪಾವಳಿಯ ಹೊತ್ತಿಗೆ ಗಾಡಿ ಹೊರಟುಹೋಯಿತು, ಮಾಪಕವನ್ನೂ ಒಯ್ದರು. ಡಬ್ಬಿ ತುಕ್ಕು ಹಿಡಿದು ತಳ ಉದುರುವವರೆಗೂ ಅಜ್ಜಿ ನೀರು ಹಾಕಿದಳು.

ಈಗ ನಾನಿರುವುದು ದಾವಣಗೆರೆಯಲ್ಲಿ. ಮಳೆಗಾಲ ಬಂದರೆ ಈ ವಯಸ್ಸಿನಲ್ಲೂ ಕೂತಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಮೊಬೈಲಿನ ರಾಡಾರ್ ಚಿತ್ರದಲ್ಲಿ ನಮ್ಮೂರ ಮೇಲೆ ಹಸಿರು ಮಚ್ಚೆ ಕಂಡಿತು. ತಡೆಯಲಾರದೆ ಆ ಮನೆಯಲ್ಲೇ ಇರುವ ತಮ್ಮನ ಮಗನಿಗೆ ಫೋನ್ ಮಾಡಿದೆ.

"ಏನಲೇ, ಊರಾಗ ಮಳಿ ಬಂತೇನು?"

"ತಡಿ ಅತ್ತಿ," ಎಂದ ಅವನು, "ಮೊಬೈಲ್‌ನಾಗ ನೋಡಿ ಹೇಳ್ತೀನಿ."

ಹಿತ್ತಲ ಬಾಗಿಲು ಅವನಿಂದ ನಾಲ್ಕು ಹೆಜ್ಜೆ. ಕೋಳಿ ಕೂಗುವ ಹೊತ್ತಿಗೆ ಎದ್ದು ನಾಲ್ಕು ಹನಿಯನ್ನೂ ಕಂಡಿದ್ದ ಅಜ್ಜಿ ನೆನಪಾದಳು. "ಮೊಬೈಲ್ ಅಲ್ಲೇ ಇಟ್ಟು ಹಿತ್ತಲ ಬಾಗಿಲು ತಗಿಯಲೇ" ಎಂದೆ.