ಉಸಿರು ಹಿಡಿದಿದ್ದಾಗ ಕೇಳಿದ ಮಾತು

ಉಸಿರು ಹಿಡಿಯಬೇಕಾದಾಗ ಸ್ಕ್ಯಾನಿಂಗ್ ಯಂತ್ರದ ಅಂಚಿನಲ್ಲಿ ಕೆನ್ನೆ ಉಬ್ಬಿಸಿದ ಒಂದು ಪುಟ್ಟ ಮುಖದ ಚಿತ್ರ ಹೊತ್ತಿಕೊಳ್ಳುತ್ತದೆ. ಆ ಸಂಜೆ ನಾನು ಅದನ್ನೇ ನೋಡುತ್ತ ಮಲಗಿದ್ದೆ.

ವಿವರಣೆಗೆ ನಿಲುಕದ ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಓದಿದ್ದು ವಿಜ್ಞಾನ. ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದೆ. ನೀವೂ ಹೋಗಬಹುದು, ನನ್ನ ಅಭ್ಯಂತರವಿಲ್ಲ.

ಆಗ ಇಂಗ್ಲಿಷರ ನಾಡಿನಲ್ಲಿ, ಹೇಸ್ ಎಂಬ ಊರಿನಲ್ಲಿದ್ದೆ. ರೈಲಿಗೆಂದು ಓಡಿದಾಗಲೆಲ್ಲ ಎದೆ ಹಿಂಡಿದಂತಾಗುತ್ತಿತ್ತು. ಜಿಪಿ, ಅಂದರೆ ನಮ್ಮ ಬಡಾವಣೆಯ ವೈದ್ಯರು, ಆತಂಕ ಎಂದರು. ಅಲ್ಲೇ ಹತ್ತಿರ ಕೆಂಟನ್‌ನಲ್ಲಿದ್ದ ಚಿಕ್ಕಮ್ಮ, "ಎದೆನೋವಲ್ಲ ಕಣೇ, ಮದುವೆ ವಯಸ್ಸು. ಗಂಡು ನೋಡ್ಲಾ? ಕಾರ್ಡಿಯಾಲಜಿಸ್ಟೇ ಸಿಗ್ತಾನೆ" ಎಂದು ನಕ್ಕರು. ನಾನು ನಗಲಿಲ್ಲ. ಹಟ ಹಿಡಿದು ಹೃದಯದ ಸ್ಕ್ಯಾನಿಗೆ ಬರೆಸಿಕೊಂಡೆ.

ಚಿತ್ರ ಸ್ಪಷ್ಟವಾಗಿ ಬರಲೆಂದು ಮೊದಲೇ ಮಾತ್ರೆ ಕೊಟ್ಟು ಹೃದಯದ ಬಡಿತವನ್ನು ನಿಧಾನಗೊಳಿಸುತ್ತಾರೆ. ನನಗೂ ಕೊಟ್ಟಿದ್ದರು. ಆ ಪುಟ್ಟ ಮುಖ ಹೊತ್ತಿಕೊಂಡಿತು, ಉಸಿರು ಹಿಡಿದೆ. ಕಿವಿಯ ಪಕ್ಕದಲ್ಲೇ ಹೆಂಗಸೊಬ್ಬಳ ದನಿ, ಧಾರವಾಡದ ಕಡೆಯ ಮಾತು: "ಮಲಕ್ಕೊಂಡಾಗ ಏನ್ ನೋಡ್ತಾರವ್ವಾ? ಓಡುವಾಗ ನೋಡ್ರಿ ಅಂತ ಹೇಳು."

ನಾವು ಮೈಸೂರಿನವರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಮಾತ್ರೆಯ ಪ್ರಭಾವ ಎನ್ನಬಹುದಿತ್ತು. ಆದರೆ ಗಾಜಿನಾಚೆ ಕುಳಿತಿದ್ದ ತಂತ್ರಜ್ಞೆ ಒಳಬಂದು ಇಂಗ್ಲಿಷಿನಲ್ಲಿ ಸಿಡುಕಿದಳು: "ಉಸಿರು ಹಿಡಿಯಿರಿ ಅಂದರೆ ಮಾತಾಡಿದಿರಲ್ಲ! ಯಾವ ಭಾಷೆ ಅದು?"

"ನಾನು ಮಾತಾಡಲಿಲ್ಲ."

"ಮೈಕಿನಲ್ಲಿ ಕೇಳಿಸಿತಲ್ಲ" ಎಂದವಳು ಪರದೆ ನೋಡಲು ಹೋದಳು. ಮಾತಾಡಿದ್ದರೆ ಮಸುಕಾಗಬೇಕಿದ್ದ ಚಿತ್ರ ಒಂದಿಷ್ಟೂ ಅಲುಗಿರಲಿಲ್ಲ.

ಹೊರಡುವ ಮುನ್ನ ವೈದ್ಯರು ವಿವರಿಸಿದರು. ಹೃದಯದ ಮೇಲೆ ಹಾಯಬೇಕಾದ ರಕ್ತನಾಳದ ಒಂದು ತುಂಡು ಸ್ನಾಯುವಿನೊಳಗೆ ಹುದುಗಿದೆ; ಮೇಲಿನ ಆ ಸ್ನಾಯುವನ್ನು ಸೇತುವೆ ಎನ್ನುತ್ತಾರೆ; ಹುಟ್ಟಿನಿಂದಲೇ ಇರುತ್ತದೆ, ಏನೂ ಮಾಡುವುದಿಲ್ಲ. "ಮರೆತುಬಿಡಿ, ಇನ್ನೇನೂ ಪರೀಕ್ಷೆ ಬೇಡ."

ಎಷ್ಟೋ ಜನರ ವಿಷಯದಲ್ಲಿ ಅದು ನಿಜ. ನನ್ನ ವಿಷಯದಲ್ಲಿ ಅಲ್ಲ ಎಂದು ತಿಳಿದದ್ದು ಮುಂದೆ, ಬಡಿತ ಏರಿಸಿ ಪರೀಕ್ಷಿಸಿದಾಗ: ಆ ಸ್ನಾಯು ನಾಳವನ್ನು ಹಿಂಡಿ, ಹೃದಯದ ಒಂದು ಭಾಗಕ್ಕೆ ರಕ್ತ ಸಾಲದಂತೆ ಮಾಡುತ್ತಿತ್ತು. ಅದಕ್ಕೆ ಈಗ ಔಷಧಿ ಇದೆ. ಆ ದನಿ ಯಾರದೆಂದು ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆಯೂ ಇಲ್ಲ. ಅದನ್ನೂ ಆತಂಕ ಎನ್ನುವವರ ಜೊತೆ ಮಾತ್ರ ನಾನು ವಾದಕ್ಕೆ ಕೂರುವುದಿಲ್ಲ.

ಆದರೆ ಆ ರಾತ್ರಿ ನನಗೆ ಇದ್ಯಾವುದೂ ತಿಳಿದಿರಲಿಲ್ಲ. ಬೆಳಿಗ್ಗೆ ಕ್ಲಿನಿಕ್ ತೆರೆಯುತ್ತಲೇ ಫೋನ್ ಮಾಡಿ, ಹೃದಯ ಓಡುತ್ತಿರುವಾಗ ನೋಡಬೇಕು ಎಂದೆ. ಅಗತ್ಯವಿಲ್ಲ ಎಂದು ಡಾಕ್ಟರ್ ಬರೆದಿದ್ದಾರೆ ಎಂದರು ಫೋನೆತ್ತಿದವರು.

"ಅವರನ್ನೇ ಕರೆಯಿರಿ" ಎಂದೆ. "ನಾನು ಲೈನಿನಲ್ಲೇ ಇರುತ್ತೇನೆ."