ನಾನು ಕೆಡಿಸಿದ ಕುಸ್ತಿ

ನನ್ನ ಗಂಡ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಲು ಕೂತರೆ ಮನೆಯೆಲ್ಲ ಗರಡಿಯ ವಾಸನೆ. ಮೊನ್ನೆ ಭಾನುವಾರ ಮಧ್ಯಾಹ್ನವೂ ಹಾಗೇ ಕೂತಿದ್ದ. ಎದುರಿಗೆ ಟೀವಿಯಲ್ಲಿ ಫಾರಿನ್ ಕುಸ್ತಿ. ಮೊಮ್ಮಗಳು ಪಲ್ಲವಿ ದೇವರೆಂದೇ ನಂಬಿರುವ ಪೈಲ್ವಾನ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು, ಒಬ್ಬ ಸಣಕಲನ ಕೆಳಗೆ ಬಿದ್ದಿದ್ದ.

"ಅಷ್ಟು ದಪ್ಪ ಇದ್ಕಂಡು ಇವ್ನಿಗೇನ್ ಬಂತಮ್ಮಿ ರೋಗ?" ಅಂದೆ.

"ಕಂಪನಿಯವ್ರು ಕತೆ ಬರ್ಕೊಡ್ತಾರೆ ಕಣಜ್ಜಿ. ಸೋಲು ಅಂದ್ರೆ ಸೋಲ್ಬೇಕು. ಈ ವರ್ಷ ಇವ್ನಿಗೆ ಬರೀ ಕೆಟ್ಟ ಕತೆ."

"ಬರ್ಕೊಟ್ಟಂಗೆ ಗೆಲ್ಲೋನು ಎಂಥಾ ಪೈಲ್ವಾನ?"

"ಕತೆ ಯಾರ್ದಾದ್ರೂ ಆಗ್ಲಿ. ಬಿದ್ದಾಗ ಜನ ಎದ್ದು ನಿಂತ್ಕಂಡ್ರೆ ಅವ್ನೇ ಪೈಲ್ವಾನ."

ಗಂಡ ಎಣ್ಣೆ ತಿಕ್ಕುವುದು ನಿಲ್ಲಿಸಿ ನನ್ನನ್ನೇ ನೋಡಿದ. ಯಾಕೆ ಅಂತ ನನಗೆ ಗೊತ್ತು, ನಿಮಗೂ ಹೇಳುತ್ತೇನೆ.

ಮದುವೆಯಾದ ಹೊಸತು. ಇವನು ಪಿರಿಯಾಪಟ್ಟಣದ ಸುತ್ತ ಹೆಸರಾದ ಪೈಲ್ವಾನ. ಹೊಗೆಸೊಪ್ಪು ಮಾರಿ ಮುಗಿದ ಮೇಲೆ ಕಂಪಲಾಪುರದ ಬಯಲಲ್ಲಿ ಕುಸ್ತಿ. ಯಾರಿಗೆ ಯಾರು ಜೋಡಿ ಎಂದು ಕಟ್ಟುವವರು ಊರ ಯಜಮಾನರು. ಇವನೋ ಎರಡೇ ನಿಮಿಷಕ್ಕೆ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸುತ್ತಿದ್ದ; ಟಿಕೆಟ್ ಕೊಂಡವರು ಬೈಯುತ್ತಿದ್ದರು. ಅದಕ್ಕೆ ಆ ವರ್ಷ ಯಜಮಾನರು, "ಹುಣಸೂರಿನವ್ನ ಕೆಳ್ಗೆ ವಸಿ ಹೊತ್ತು ಬಿದ್ದಿರ್ಲಾ, ಆಮ್ಯಾಕೆ ಗೆಲ್ಲು" ಅಂದಿದ್ದರಂತೆ. ನನಗೆ ಯಾರು ಹೇಳಿದ್ದರು? ಕುಸ್ತಿಯ ಮಣ್ಣನ್ನು ಹೆಂಗಸರು ತುಳಿಯಬಾರದು. ದೂರದಲ್ಲಿ ಎತ್ತಿನ ಗಾಡಿಯ ಮೇಲೆ ನಿಂತಿದ್ದೆ. ಹುಣಸೂರಿನವನ ಕೆಳಗೆ ಬಿದ್ದ ಇವನ ಮುಖ ಕಪ್ಪಿಡುವುದು ಕಂಡಿತು. ಗಾಡಿಯಿಂದ ಹಾರಿದವಳು ನಿಂತದ್ದು ಆ ಮಣ್ಣಿನ ಮೇಲೇ, ಹುಣಸೂರಿನವನ ಕಿವಿ ಹಿಡಿದು.

"ಏಳ್ಲಾ ಮ್ಯಾಲೆ!"

ಅವನು ನೋವಿಗಿಂತ ಗಾಬರಿಗೆ ಎದ್ದ. ಯಜಮಾನರು ಕುಸ್ತಿ ನಿಲ್ಲಿಸಿದರು. ಸೋಲೂ ಇಲ್ಲ, ಗೆಲುವೂ ಇಲ್ಲ. ನಾನು ತುಳಿದ ಕಡೆಗೆಲ್ಲ ಅರಿಸಿನದ ನೀರು ಚಿಮುಕಿಸಿದರು. ನಾನೇನು ಹಂದಿಯೇ?

ಅಂದಿನಿಂದ ಇವನದು ಒಂದೇ ರಾಗ, "ಗೆಲ್ಲೋ ಕುಸ್ತಿ ಕೆಡಿಸ್ಬುಟ್ಟೆ." ಸಾರಿಗೆ ಉಪ್ಪು ಕಡಿಮೆಯಾದರೂ ಅದೇ ಮಾತು. ತಪ್ಪು ನನ್ನದೆಂದು ನಾನು ಒಮ್ಮೆಯೂ ಒಪ್ಪಿರಲಿಲ್ಲ.

ಮೊನ್ನೆ ಪಲ್ಲವಿಯ ಮಾತು ತಲೆಗೆ ಹೋಯಿತು. ಪೂಜಾರಿಯನ್ನೂ ನಂಬದ ನನ್ನನ್ನು ಗಾಡಿಯಿಂದ ಹಾರಿಸಿದನೆಂದರೆ, ಬಿದ್ದಂತೆ ನಟಿಸುವುದರಲ್ಲಿ ಇವನು ಎಂಥ ಗಟ್ಟಿಗನಾಗಿರಬೇಕು!

"ಆಯ್ತು ಬುಡು," ಅಂದೆ. "ಅವತ್ತು ನೀನೇ ಗೆಲ್ತಿದ್ದೆ. ತಪ್ಪು ನಂದೇಯ."

ಹಿಗ್ಗಬೇಕಿತ್ತು ತಾನೇ? ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದ, ಬಿಚ್ಚಿದ, ಮತ್ತೆ ತಿರುಗಿಸಿದ.

"ನಾಟ್ಕ ಅಲ್ಲ ಕಣಮ್ಮಿ. ನಿಜವಾಗ್ಲೂ ಏಳಕ್ಕಾಗ್ನಿಲ್ಲ. ಆ ಬಡ್ಡೆತ್ತೋನು ಯಜಮಾನ್ರ ಮಾತ್ನೇ ಕೇಳ್ನಿಲ್ಲ, ಕತ್ತು ಅಮುಕ್ಬುಟ್ಟ. ನೀನ್ ಬರ್ದಿದ್ರೆ ಸೋತೋಯ್ತಿದ್ದೆ."

ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಯಜಮಾನರು ಕಟ್ಟಿದ ಕತೆ ಅಂದೇ ಮಣ್ಣುಪಾಲಾಗಿತ್ತು. ಇವನೊಬ್ಬನೇ ಅದನ್ನು ಇಷ್ಟು ವರ್ಷ, ನನ್ನೆದುರಿಗೇ, ಎತ್ತಿ ಹಿಡಿದಿದ್ದ. ಅಷ್ಟು ಹೊತ್ತು ಯಾವ ಗರಡಿಯವನೂ ಏನನ್ನೂ ಎತ್ತಿ ಹಿಡಿದಿಲ್ಲ.

"ನಿನ್ ಪೈಲ್ವಾನ ಎಷ್ಟು ದೊಡ್ಡೋನು ಅಂತ ತಿಳೀಬೇಕಾ?" ಅಂದೆ ಪಲ್ಲವಿಗೆ. "ಕಂಪನೀನ ಬುಡು. ಅವ್ನ ಹೆಂಡ್ತಿನ ಕೇಳು."